ಕಲ್ಕತ್ತೆಯ ಜನನ ಪ್ರಮಾಣಪತ್ರ

ನಮ್ಮ ಹಳ್ಳಿ ಶಾಲೆಯ ಮೇಷ್ಟ್ರುಗಳ ಕೃಪೆಯಿಂದ ಒಂದಿಡೀ ತಲೆಮಾರು ಜೂನ್ 1ರಂದು ಹುಟ್ಟಿದೆ. ಹೆತ್ತವಳು ‘ಕಳ್ಳೇಕಾಯಿ ಕೀಳುವ ಹೊತ್ತಿಗೆ ಹುಟ್ಟಿದ’ ಎಂದರೆ ರಿಜಿಸ್ಟರಿನಲ್ಲಿ ಬರೆಯಲು ಬರುವುದಿಲ್ಲವಲ್ಲ. ಕಲ್ಕತ್ತೆಗೂ ಹೀಗೇ ಆಯಿತು. ಇಂಗ್ಲಿಷರ ಇತಿಹಾಸಕಾರರು ಮೇಷ್ಟ್ರ ಕುರ್ಚಿಯಲ್ಲಿ ಕೂತು ಬರೆದುಕೊಂಡರು: ಹುಟ್ಟಿದ ದಿನ, 24 ಆಗಸ್ಟ್ 1690. ತಂದೆ, ಜಾಬ್ ಚಾರ್ನಾಕ್. ವೃತ್ತಿ, ಈಸ್ಟ್ ಇಂಡಿಯಾ ಕಂಪನಿಯ ಏಜೆಂಟ್. ತಾಯಿಯ ಹೆಸರಿನ ಕಾಲಂ ಖಾಲಿ. ಹೂಗ್ಲಿ ನದಿಯನ್ನು ಯಾರೂ ಕೇಳಲಿಲ್ಲ.

ಆ ದಿನ ಈ ಮಹಾನುಭಾವ ಮಾಡಿದ್ದು ಇಷ್ಟೇ: ಸುರಿಯುವ ಮಳೆಯಲ್ಲಿ ಹೂಗ್ಲಿ ತೀರದ ಸೂತಾನುಟಿ ಎಂಬ ಹಳ್ಳಿಯ ದಡಕ್ಕೆ ಬಂದು ಇಳಿದ. ಅದೂ ಮೂರನೆಯ ಸಲ. ಕೆಸರಿಗೆ ಮೊದಲು ಕಾಲಿಟ್ಟವನೇ ಊರಿನ ಅಪ್ಪ ಎನ್ನುವುದಾದರೆ ಆ ಪಟ್ಟ ಅಂಬಿಗನಿಗೆ ಸಲ್ಲಬೇಕು. ದೊರೆ ಇಳಿಯುವ ಮೊದಲು ಹಗ್ಗ ಕಟ್ಟಲು ಇಳಿದವನು ಅವನೇ ತಾನೆ? ಸೂತಾನುಟಿ ಎಂಬ ಹೆಸರಿನಲ್ಲೇ ನೂಲಿನ ಲಡಿ ಇದೆ. ಸೇಠರು, ಬಸಾಕರು ಅಲ್ಲಿ ಆಗಲೇ ಅಂಗಡಿ ಹಾಕಿಕೊಂಡು ನೂಲು, ಬಟ್ಟೆ ಮಾರುತ್ತಿದ್ದರು. ಸಂತೆಗೆ ತಡವಾಗಿ ಬಂದ ಗಿರಾಕಿಯೇ ಸಂತೆ ಕಟ್ಟಿಸಿದವನಾದ.

ಕಾಗದಪತ್ರ ಬೇಕೆನ್ನುವವರಿಗೆ ಅದೂ ಇದೆ. 1698ರ ನವೆಂಬರಿನಲ್ಲಿ ಸೂತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಮೂರು ಹಳ್ಳಿಗಳ ಜಮೀನ್ದಾರಿ ಹಕ್ಕನ್ನು ಕಂಪನಿ ಸಾಬರ್ಣ ರಾಯ್ ಚೌಧುರಿ ಮನೆತನದಿಂದ 1,300 ರೂಪಾಯಿಗೆ ಪಡೆಯಿತು. ಅಷ್ಟರಲ್ಲಿ ಚಾರ್ನಾಕ್ ತೀರಿಕೊಂಡು ಐದಾರು ವರ್ಷವಾಗಿತ್ತು. ವ್ಯವಹಾರ ಕುದುರಿಸಿದ್ದು ಅಳಿಯ ಚಾರ್ಲ್ಸ್ ಐರ್. ಊರಿನ ಅಪ್ಪನೆಂಬ ಹೆಸರು ಮಾವನಿಗೆ ಹೋಯಿತು; ಅಳಿಯನ ಪಾಲಿಗೆ ಬಂದದ್ದು ಮಾವನಿಗೆ ಗೋರಿ ಕಟ್ಟಿಸುವ ಖರ್ಚು.

ಇನ್ನು 1990. ಸಾಮ್ರಾಜ್ಯಶಾಹಿ ಎಂಬ ಮಾತಿಲ್ಲದೆ ಭಾಷಣ ಮುಗಿಸದ ಎಡಪಕ್ಷಗಳ ಆಡಳಿತದಲ್ಲಿಯೇ ಊರಿಗೆ ಮುನ್ನೂರು ತುಂಬಿತೆಂದು ಸಡಗರ ನಡೆಯಿತು. ಅಂಚೆ ಚೀಟಿಯೂ ಹೊರಬಂತು. ಲಾಟ್‌ಸಾಹೇಬರ ಪ್ರತಿಮೆಗಳನ್ನು ಪೀಠದಿಂದ ಇಳಿಸಿ ಸಾಗಿಸಿದ್ದ ಊರು, ಅಮೆರಿಕದ ದೂತಾವಾಸವಿರುವ ಹ್ಯಾರಿಂಗ್ಟನ್ ಬೀದಿಗೇ ಹೋ ಚಿ ಮಿನ್ ಹೆಸರಿಟ್ಟ ಊರು, ಕಂಪನಿಯ ಏಜೆಂಟನೊಬ್ಬ ದೋಣಿ ಇಳಿದ ದಿನಕ್ಕೆ ದೀಪ ಹಚ್ಚಿತು.

ಜಮೀನ್ದಾರರ ವಂಶಸ್ಥರು ಸುಮ್ಮನಿರಲಿಲ್ಲ. ಹೈಕೋರ್ಟಿನ ಮೆಟ್ಟಿಲೇರಿದರು. ಇತಿಹಾಸಕಾರರ ಸಮಿತಿಯೊಂದು ಕೂತು ವರದಿ ಕೊಟ್ಟಿತು. 2003ರಲ್ಲಿ ತೀರ್ಪು ಬಂತು: ಚಾರ್ನಾಕ್ ಸ್ಥಾಪಕನಲ್ಲ, ಊರಿಗೆ ಹುಟ್ಟುಹಬ್ಬವೇ ಇಲ್ಲ, ಪಠ್ಯಪುಸ್ತಕ ತಿದ್ದಿ. ತೀರ್ಪಿನಲ್ಲಿ ತಪ್ಪು ಹುಡುಕುವ ಧೈರ್ಯ ನನಗಿಲ್ಲ. ಅದು ಸರಿಯೂ ಇದೆ. ತಲೆಬರಹ ನೋಡಿ ಮಾತ್ರ ನಗು ಬರುತ್ತದೆ. 2001ರಲ್ಲೇ ಊರು ಕೋಲ್ಕತಾ ಆಯಿತು, ನ್ಯಾಯಾಲಯ ಇಂದಿಗೂ ಕಲ್ಕತ್ತಾ ಹೈಕೋರ್ಟ್. 1862ರಲ್ಲಿ ವಿಕ್ಟೋರಿಯಾ ರಾಣಿಯ ಸನ್ನದಿನಿಂದ ಹುಟ್ಟಿದ ಆ ಸಂಸ್ಥೆಗೆ ತನ್ನ ಜನ್ಮದಿನದ ಬಗ್ಗೆ ಯಾವ ಗೊಂದಲವೂ ಇಲ್ಲ.

ಅಪ್ಪನ ಪಟ್ಟ ಕಳೆದುಕೊಂಡವನನ್ನು ನೋಡಿ ಬರೋಣವೆಂದು ಒಮ್ಮೆ ಸೇಂಟ್ ಜಾನ್ಸ್ ಚರ್ಚಿನ ಅಂಗಳಕ್ಕೆ ಹೋಗಿದ್ದೆ. ಎಂಟು ಮೂಲೆಯ ಗೋರಿ. ದೂರದಿಂದ ನೋಡಿದರೆ ಯಾವುದೋ ನವಾಬನದೆನ್ನಬೇಕು. ಅದೇ ಅಂಗಳದಲ್ಲಿ ‘ಕಪ್ಪು ಕೋಣೆ’ಯ ಸ್ಮಾರಕವೂ ಇದೆ. 1756ರಲ್ಲಿ ಇಂಗ್ಲಿಷರ ಕೋಟೆ ಹಿಡಿದ ನವಾಬ ಸಿರಾಜುದ್ದೌಲನ ಸೈನಿಕರು ಹದಿನೆಂಟು ಅಡಿ ಉದ್ದದ, ಹದಿನೈದಡಿಯೂ ಅಗಲವಿಲ್ಲದ ಕೋಣೆಯಲ್ಲಿ 146 ಸೆರೆಯಾಳುಗಳನ್ನು ಕೂಡಿಹಾಕಿದರು, 123 ಜನ ಸತ್ತರು ಎಂದು ಲೆಕ್ಕ ಕೊಟ್ಟವನು ಅದರಲ್ಲಿ ಬದುಕುಳಿದ ಕಂಪನಿಯ ಅಧಿಕಾರಿ ಹಾಲ್ವೆಲ್. ಅಷ್ಟು ಜನ ಅದರಲ್ಲಿ ಹಿಡಿಸುವುದು ಹೇಗೆಂದು ಇತಿಹಾಸಕಾರರು ಇನ್ನೂ ಗುಣಿಸುತ್ತಿದ್ದಾರೆ. ಲಾರ್ಡ್ ಕರ್ಜನ್ ಅದಕ್ಕೆ ಅಮೃತಶಿಲೆಯ ಸ್ತಂಭ ಎತ್ತಿಸಿ ಡಾಲ್‌ಹೌಸಿ ಚೌಕದಲ್ಲಿ ನಿಲ್ಲಿಸಿದ. 1940ರಲ್ಲಿ ಸುಭಾಷ್‌ಚಂದ್ರ ಬೋಸರು ಚಳವಳಿ ಹೂಡಿದ ಮೇಲೆ ಅದನ್ನು ಎತ್ತಿ ಇಲ್ಲಿ ತಂದಿಟ್ಟರು. ಎಸೆಯಲು ಮನಸ್ಸಾಗದ, ನಡುಮನೆಯಲ್ಲಿ ಇಡಲಾಗದ ಸಾಮಾನನ್ನು ನಾವು ಅಟ್ಟಕ್ಕೆ ಹಾಕುವುದಿಲ್ಲವೆ, ಇದು ಆ ಊರಿನ ಅಟ್ಟ.

ಗೋರಿಯೊಳಗೆ ಹಾಸಿರುವ ಕಪ್ಪು ಬಣ್ಣದ ಕಲ್ಲು ಮದ್ರಾಸಿನ ಹತ್ತಿರದ ಪಲ್ಲಾವರಂನದು. ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಆ ಜಾತಿಯ ಶಿಲೆಗೆ ಸತ್ತವನ ಹೆಸರನ್ನೇ ಇಟ್ಟ: ಚಾರ್ನಕೈಟ್. ಕೋರ್ಟಿನ ಆದೇಶ ಪಠ್ಯಪುಸ್ತಕಕ್ಕೆ ಬಂದು ನಿಂತಿತು, ಬಂಡೆಗೆ ಮುಟ್ಟಲಿಲ್ಲ. ನಮ್ಮ ಕನಕಪುರದ ಕಡೆ ಕಬ್ಬಾಳದ ಕ್ವಾರಿಗೆ ಹೋದರೆ ಬೂದು ಬಣ್ಣದ ಬಂಡೆಯ ನಡುವೆ ಎಣ್ಣೆ ಚೆಲ್ಲಿದಂಥ ಕಪ್ಪು ಮಚ್ಚೆಗಳು ಕಾಣುತ್ತವೆ. ದೇಶವಿದೇಶದ ವಿಜ್ಞಾನಿಗಳು ಸುತ್ತಿಗೆ ಹಿಡಿದು ಬಂದು ನೋಡುವ ಚಾರ್ನಕೈಟ್ ಅದು. ಸುಮಾರು 250 ಕೋಟಿ ವರ್ಷ ಯಾರ ಹೆಸರೂ ಇಲ್ಲದೆ ನೆಮ್ಮದಿಯಾಗಿದ್ದ ಆ ಕಲ್ಲಿನ ಪರವಾಗಿ ಅರ್ಜಿ ಹಾಕೋಣವೆಂದರೆ, ಕಬ್ಬಾಳಮ್ಮನಿಗೆ ಇನ್ನೂ ವಕೀಲರು ಗೊತ್ತಾಗಿಲ್ಲ.