ಟಾಪ್ ಸ್ಪೀಡ್ ಕೇಳಬೇಡಿ, ಎಷ್ಟೊತ್ತಿಗೆ ಮುಟ್ಟುತ್ತೀರಿ ಅಂತ ಕೇಳಿ

ಕಲಬುರಗಿಯಲ್ಲಿ ಹೊಸ ಬೈಕ್ ಕೊಳ್ಳಲು ಹೊರಟ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಣ್ಣ, ಟಾಪ್ ಎಷ್ಟ್ ಹೋಗ್ತದ?" ನಾನು ತಿರುಗಿ ಕೇಳುತ್ತೇನೆ, "ನೀ ಜಾಸ್ತಿ ಓಡಾಡೂದು ಎಲ್ಲಿ?" ಒಬ್ಬ ಸೇಡಂ ಅಂತಾನೆ. ಇನ್ನೊಬ್ಬ ಚಿಂಚೋಳಿ. ಮತ್ತೊಬ್ಬ ಜೇವರ್ಗಿ ದಾಟಿ ಶಹಾಪುರ, ಸುರಪುರ. ಹಾಗಾದ್ರೆ ನನ್ನ ಮಾತು ನೇರ. ಈ ರಸ್ತೆಗಳಲ್ಲಿ ಬಾಗಿ ಕೂತು ಓಡಿಸುವ ಸ್ಪೋರ್ಟ್ಸ್ ಬೈಕ್‌ಗಿಂತ, ಕೆಟ್ಟ ರಸ್ತೆಗೆಂದೇ ಎತ್ತರವಾಗಿ ಮಾಡಿದ ಅಡ್ವೆಂಚರ್ ಬೈಕೇ ಫಾಸ್ಟ್. ಆರಾಮ, ಚಂದ, ಮೈಲೇಜ್ ವಿಷಯ ಹೇಳುತ್ತಿಲ್ಲ. ವೇಗದ ವಿಷಯವೇ ಹೇಳುತ್ತಿದ್ದೇನೆ.

ಇದನ್ನು ಹೇಳಿದ ಕೂಡಲೇ ಜಗಳ ಶುರುವಾಗುತ್ತದೆ. ಎಂಜಿನ್ ಲೆಕ್ಕ, ಅಶ್ವಶಕ್ತಿ ಲೆಕ್ಕ, ಯೂಟ್ಯೂಬ್ ವಿಡಿಯೋ ಎಲ್ಲ ಹೊರಗೆ ಬರುತ್ತವೆ. ಸರಿ, ನಾವೂ ಒಂದು ಲೆಕ್ಕ ಹಾಕೋಣ.

10 ಕಿಲೋಮೀಟರ್ ರಸ್ತೆ ಇದೆ ಅಂದುಕೊಳ್ಳಿ. ಅರ್ಧ ಚೆನ್ನಾಗಿದೆ, ಅರ್ಧ ಹಾಳಾಗಿದೆ. ಸ್ಪೋರ್ಟ್ಸ್ ಬೈಕಿನವನು ಚೆನ್ನಾಗಿರುವ ಐದು ಕಿಲೋಮೀಟರನ್ನು 120ರಲ್ಲಿ ಓಡಿಸಿದ. ಎರಡೂವರೆ ನಿಮಿಷ ಆಯಿತು. ಹಾಳಾದ ಐದು ಕಿಲೋಮೀಟರಿನಲ್ಲಿ ತಗ್ಗು ತಪ್ಪಿಸುತ್ತಾ 20ರಲ್ಲಿ ಹೋದ. ಅದಕ್ಕೆ 15 ನಿಮಿಷ. ಒಟ್ಟು ಹದಿನೇಳೂವರೆ. ಅಡ್ವೆಂಚರ್ ಬೈಕಿನವನು ಒಳ್ಳೆಯ ರಸ್ತೆಯಲ್ಲಿ 80 ದಾಟಲಿಲ್ಲ. ಮೂರು ಮುಕ್ಕಾಲು ನಿಮಿಷ. ಕೆಟ್ಟ ರಸ್ತೆಯಲ್ಲಿ 35ರಲ್ಲಿ ನಡೆಸಿಕೊಂಡು ಬಂದ. ಎಂಟೂವರೆ ನಿಮಿಷ. ಒಟ್ಟು ಹನ್ನೆರಡೂ ಕಾಲು. ಹತ್ತೇ ಕಿಲೋಮೀಟರಿನಲ್ಲಿ ಐದು ನಿಮಿಷ ಮುಂದೆ.

ಈಗ ಆ ಸ್ಪೋರ್ಟ್ಸ್ ಬೈಕಿಗೆ ನಿಮಗೆ ಬೇಕಾದಷ್ಟು ದೊಡ್ಡ ಎಂಜಿನ್ ಹಾಕಿ. 200ರಲ್ಲಿ ಹೋಗಲಿ. ಉಳಿಯುವುದು ಒಂದು ನಿಮಿಷ. ಒಳ್ಳೆಯ ರಸ್ತೆಯನ್ನು ಕಣ್ಣು ಮಿಟುಕಿಸುವುದರೊಳಗೆ ದಾಟಿದರೂ ಕೆಟ್ಟ ರಸ್ತೆಯ 15 ನಿಮಿಷ ಹಾಗೇ ಇರುತ್ತದೆ. ಅಡ್ವೆಂಚರ್ ಬೈಕಿನವನು ಅಷ್ಟೊತ್ತಿಗೆ ಹೆಲ್ಮೆಟ್ ತೆಗೆದು ಚಹಾ ಹೇಳಿರುತ್ತಾನೆ. ಟೈಮ್ ಹೋಗುವುದು ನಿಧಾನವಾದ ಜಾಗದಲ್ಲಿ. ಉಳಿಸಬೇಕಾದದ್ದೂ ಅಲ್ಲೇ.

ಎಂಜಿನ್ ಬೇರೆ ಬೇರೆ, ಅದಕ್ಕೇ ಹೋಲಿಕೆ ಸರಿಯಿಲ್ಲ ಅನ್ನುವವರಿಗೆ ಒಳ್ಳೆಯ ಉದಾಹರಣೆ ನಮ್ಮ ಶೋರೂಮುಗಳಲ್ಲೇ ಸಿಕ್ಕಿತ್ತು. ಕೆಟಿಎಂನ ಸ್ಪೋರ್ಟ್ಸ್ ಬೈಕ್ ಆರ್‌ಸಿ 390 ಮತ್ತು 2020ರಲ್ಲಿ ಬಂದ 390 ಅಡ್ವೆಂಚರ್. ಎರಡರಲ್ಲೂ ಅದೇ 373 ಸಿಸಿ ಎಂಜಿನ್, ಹೆಚ್ಚುಕಡಿಮೆ 43 ಅಶ್ವಶಕ್ತಿ. ಸುಜುಕಿಯಲ್ಲೂ ಹಾಗೇ. ಸ್ಪೋರ್ಟ್ಸ್ ಬೈಕ್ ಜಿಕ್ಸರ್ ಎಸ್‌ಎಫ್ 250ಯ 249 ಸಿಸಿ ಎಂಜಿನ್ನನ್ನೇ 2022ರಲ್ಲಿ ಅಡ್ವೆಂಚರ್ ಬೈಕ್ ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ ಹಾಕಿದರು. ಎರಡಕ್ಕೂ 26.5 ಅಶ್ವಶಕ್ತಿ. ಎಸ್‌ಎಫ್‌ನ ನೆಲದಂತರ, ಅಂದ್ರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ, 165 ಮಿಲಿಮೀಟರ್, ವಿ-ಸ್ಟ್ರಾಮ್‌ದು 205. ಮುಂದಿನ ಚಕ್ರ ಒಂದಕ್ಕೆ 17 ಇಂಚು, ಇನ್ನೊಂದಕ್ಕೆ 19. ಹೃದಯ ಒಂದೇ, ಕಾಲು ಬೇರೆ.

ನನ್ನ ಚಿಕ್ಕಪ್ಪನ ಮಗನ ಹತ್ತಿರ ಆರ್‌ಸಿ ಇದೆ. ನನ್ನದು 390 ಅಡ್ವೆಂಚರ್. ನನಗಿಂತ ಚೆನ್ನಾಗಿ ಓಡಿಸುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಮಳೆಗಾಲದಲ್ಲಿ ಚಂದ್ರಂಪಳ್ಳಿ ಡ್ಯಾಮ್ ನೋಡಲು ಚಿಂಚೋಳಿ ಕಡೆ ಜೊತೆಗೆ ಹೋಗುತ್ತೇವೆ. ಊರು ಬಿಟ್ಟ ಮೇಲೆ ಒಳ್ಳೆಯ ರಸ್ತೆ ಇರುವ ತನಕ ಅವನು ಮುಂದೆ. ತೇಪೆ ಹಾಕಿದ ರಸ್ತೆ ಶುರುವಾದ ಕೂಡಲೇ ಕನ್ನಡಿಯಲ್ಲಿ ಸಣ್ಣದಾಗುತ್ತಾ ಹೋಗುತ್ತಾನೆ. ಬಂದು ಇಳಿದವನು ಮೊದಲು ಮುಂಗೈ ಒತ್ತಿಕೊಳ್ಳುತ್ತಾನೆ. "ಅಣ್ಣ, ನೀ ತಗ್ಗು ನೋಡೂದೇ ಇಲ್ಲೇನು?" ಅಂತ ಕೇಳುತ್ತಾನೆ. ನೋಡುತ್ತೇನಪ್ಪಾ. ಆದರೆ ಎಲ್ಲ ತಗ್ಗಿಗೂ ಬ್ರೇಕ್ ಹಿಡಿಯಬೇಕಾಗಿಲ್ಲ.

ಇದರ ಹಿಂದಿನ ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹೆಚ್ಚಿನವರು ಸಸ್ಪೆನ್ಷನ್ ಅಂದ್ರೆ ಬೆನ್ನು ನೋಯಬಾರದು ಅಂತ ಇರುವ ವಸ್ತು ಅಂದುಕೊಂಡಿದ್ದಾರೆ. ಅದರ ಮೊದಲ ಕೆಲಸ ಬೇರೆ. ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಟೈರ್ ನೆಲದ ಮೇಲೆ ಇದ್ದರೆ ತಾನೇ ಬ್ರೇಕು, ತಿರುವು, ಎಳೆತ ಎಲ್ಲ. ಆರ್‌ಸಿಯ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮೇಲೆ ಕೆಳಗೆ ಆಡುವುದು ಸುಮಾರು 120 ಮಿಲಿಮೀಟರ್. ನನ್ನ ಗಾಡಿಯದು 170. ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನದು 200. ಸ್ಪೋರ್ಟ್ಸ್ ಬೈಕಿನ ಸ್ಪ್ರಿಂಗ್ ಗಟ್ಟಿ, ಆಡುವ ಜಾಗ ಕಡಿಮೆ. ನುಣುಪಾದ ರಸ್ತೆಯಲ್ಲಿ ಅದೇ ಅದರ ಬಲ. ಬ್ರೇಕ್ ಹಿಡಿದಾಗ ಮೂತಿ ಅಷ್ಟಾಗಿ ತಗ್ಗುವುದಿಲ್ಲ, ಹ್ಯಾಂಡಲ್ ಹೇಳಿದ ಹಾಗೆ ಕೇಳುತ್ತದೆ. ಆದರೆ ರಸ್ತೆ ಅಲೆಅಲೆಯಾಗಿದ್ದರೆ ಚಕ್ರ ಕೆಳಗಿಳಿದು ತಗ್ಗನ್ನು ಹಿಂಬಾಲಿಸುವುದಿಲ್ಲ, ಹಾರುತ್ತದೆ. ಹಾರಿದ ಚಕ್ರಕ್ಕೆ ಹಿಡಿತ ಇಲ್ಲ. ಆಗ ಬ್ರೇಕ್ ಹಿಡಿದಿದ್ದರೆ ಚಕ್ರ ತಕ್ಷಣ ಲಾಕ್ ಆಗಲು ನೋಡುತ್ತದೆ, ಲಾಕ್ ತಡೆಯಲು ಇರುವ ಎಬಿಎಸ್ ಬ್ರೇಕ್ ಬಿಡಿಸುತ್ತದೆ, ಗಾಡಿ ನಿಲ್ಲಬೇಕಾದ ಜಾಗ ದಾಟಿ ಮುಂದೆ ಹೋಗುತ್ತದೆ. ಇದನ್ನು ಒಮ್ಮೆ ಕಂಡವನು ಮುಂದಿನ ಸಲ ಮೊದಲೇ ವೇಗ ಇಳಿಸುತ್ತಾನೆ. ಸರಿಯಾದ ಕೆಲಸವೇ. ಅಲ್ಲೇ ಸರಾಸರಿ ಬೀಳುವುದು.

ನಮ್ಮ ಕಡೆ ರಸ್ತೆ ಅಲೆಯಾಗುವುದಕ್ಕೆ ನೆಲವೇ ಒಂದು ಕಾರಣ. ಬೆಂಗಳೂರಿನ ಕೆಂಪು ಮಣ್ಣಿನವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಎರೆ ಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮೇಲೆ ಹಾಕಿದ ಡಾಂಬರು ಅದರ ಜೊತೆ ಏಳುತ್ತದೆ, ಕುಸಿಯುತ್ತದೆ. ಸೇಡಂ, ಮಳಖೇಡದ ಕಡೆ ಸಿಮೆಂಟ್ ಲಾರಿಗಳ ಭಾರ, ಶಹಾಬಾದ್ ಕಡೆ ಕಲ್ಲಿನ ಲಾರಿಗಳ ಭಾರ. ಗಾಲಿ ಹೋಗುವ ಎರಡು ಸಾಲು ತಗ್ಗಾಗಿ, ನಡುವೆ ಏರಿಯಾಗಿ ನಿಲ್ಲುತ್ತದೆ. ಬೈಕಿನವನು ಆ ಏರಿ ದಾಟಿ ಓವರ್‌ಟೇಕ್ ಮಾಡಬೇಕು. ದೊಡ್ಡ ಚಕ್ರ ಅದನ್ನು ಸಲೀಸಾಗಿ ಹತ್ತಿ ಇಳಿಯುತ್ತದೆ. 17 ಇಂಚಿನ ಚಕ್ರದ ಅಗಲ ಟೈರ್ ಏರಿಯ ಅಂಚು ಹಿಡಿದು ಎಳೆದಾಡುತ್ತದೆ.

ಇನ್ನು ರಸ್ತೆ ಉಬ್ಬು. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. 25ರ ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಹಳ್ಳಿಗಳ ಮುಂದೆ ಇರುವುದು ಅದಲ್ಲ ಅಂತ ನಿಮಗೂ ಗೊತ್ತು. ಅಪಘಾತ ಆದ ಮರುದಿನ ಊರವರೇ ಮಣ್ಣು, ಕಲ್ಲು ಸೇರಿಸಿ ಹಾಕಿದ ಗೋಡೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಅವರನ್ನು ನಾನು ಬೈಯುವುದಿಲ್ಲ. ಶಾಲೆ ಮುಂದೆ ಮಗು ಸತ್ತ ಊರಲ್ಲಿ ಬೇರೆ ಏನು ಮಾಡುತ್ತಾರೆ? ಆದರೆ ಹೊಟ್ಟೆ ಕೆಳಗಿರುವ ಗಾಡಿ ಅಲ್ಲಿ ಪೂರ್ತಿ ನಿಂತು, ಓರೆಯಾಗಿ ಹತ್ತಿ, ಕೆರೆದುಕೊಂಡು ಇಳಿಯಬೇಕು. ಹಿಂದೆ ಹೆಂಡತಿ ಕೂತಿದ್ದರೆ ಇಳಿಸಿ ದಾಟುವವರೂ ಇದ್ದಾರೆ. 200 ಮಿಲಿಮೀಟರ್ ನೆಲದಂತರ ಇರುವ ಗಾಡಿಯನ್ನು ಎರಡನೇ ಗೇರಿನಲ್ಲಿ, ಕಾಲಿಡುವ ಪೆಗ್ ಮೇಲೆ ನಿಂತು ದಾಟಿಸಬಹುದು.

ಅಲ್ಲಿಂದ ಮತ್ತೆ ವೇಗ ಹಿಡಿಯುವ ಮಾತಿಗೆ ಬಂದರೆ, ಕಾಗದದ ಮೇಲಿನ ಅಶ್ವಶಕ್ತಿ ಹುಡುಗರಿಗೆ ಮೋಸ ಮಾಡುತ್ತದೆ. ಯಮಹಾದ ಸ್ಪೋರ್ಟ್ಸ್ ಬೈಕ್ ಆರ್15ರ ಪೂರ್ತಿ ಶಕ್ತಿ ಸಿಗುವುದು 10,000 ಆರ್‌ಪಿಎಂ ಹತ್ತಿರ. ಹಳೆಯ ಹಿಮಾಲಯನ್ 411ರ 32 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಎಳೆಯುವ ಬಲ, ಸಿಗುವುದು 4,000ದಿಂದ 4,500ರ ಸುಮಾರಿಗೆ. ಉಬ್ಬು, ಕುರಿ ಹಿಂಡು, ಟಂಟಂ, ಕಬ್ಬಿನ ಟ್ರ್ಯಾಕ್ಟರ್, ಮತ್ತೆ ಉಬ್ಬು ಅಂತ ಸಾಗುವ ದಾರಿಯಲ್ಲಿ ಎಂಜಿನ್ ಕೆಳಗಿನಿಂದಲೇ ಎಳೆಯಬೇಕು. ಸಮತಟ್ಟು ರಸ್ತೆಯಲ್ಲಿ 80ರ ವೇಗ ಕಾಯ್ದುಕೊಳ್ಳಲು ಬೈಕಿಗೆ ಹತ್ತು ಅಶ್ವಶಕ್ತಿಯೂ ಬೇಡ. ಅದಕ್ಕೂ ಮೇಲಿನ ವೇಗದಲ್ಲಿ ಶಕ್ತಿ ಹೆಚ್ಚಾಗಿ ಹೋಗುವುದು ಗಾಳಿಯನ್ನು ಸೀಳಲು. ವೇಗ 100ರಿಂದ 120ಕ್ಕೆ ಏರಿದರೆ ಗಾಳಿಗೆ ಬೇಕಾಗುವ ಶಕ್ತಿ ಮುಕ್ಕಾಲು ಪಾಲಿನಷ್ಟು ಜಾಸ್ತಿಯಾಗುತ್ತದೆ. ಸ್ಪೋರ್ಟ್ಸ್ ಬೈಕ್ ಗೆಲ್ಲುವುದು ಆ ಆಟದಲ್ಲಿ. ಆ ಆಟಕ್ಕೆ ನಮ್ಮಲ್ಲಿ ಮೈದಾನ ಎಲ್ಲಿದೆ?

ಹುಮನಾಬಾದ್ ಮೇಲೆ ಹಾದುಹೋಗುವ 65ನೇ ಹೆದ್ದಾರಿ ಇದೆಯಲ್ಲ ಅನ್ನುತ್ತೀರಿ. ನಿಜ, ಸೊಲ್ಲಾಪುರದಿಂದ ಹೈದರಾಬಾದ್ ಕಡೆಗೆ ಹೋಗುವ ನಾಲ್ಕು ಪಥದ ರಸ್ತೆ. ಅಲ್ಲಿ ಸ್ಪೋರ್ಟ್ಸ್ ಬೈಕ್ ನನ್ನನ್ನು ಬಿಟ್ಟು ಹೋಗುತ್ತದೆ, ಒಪ್ಪುತ್ತೇನೆ. ಆದರೆ 2018ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಮಿತಿ ಪ್ರಕಾರ ಅಂಥ ರಸ್ತೆಯಲ್ಲೂ ಬೈಕಿಗೆ ಗರಿಷ್ಠ 80. ಉಳಿದ ರಸ್ತೆಗಳಲ್ಲಿ 60. ಅದೂ ಅಲ್ಲದೆ ಆ ಹೆದ್ದಾರಿಯಲ್ಲಿ ಎದುರುಗಡೆಯಿಂದಲೇ ಟ್ರ್ಯಾಕ್ಟರ್ ಬರುತ್ತದೆ, ಮೀಡಿಯನ್ ಸಂದಿಯಿಂದ ಎಮ್ಮೆ ಬರುತ್ತದೆ. 140ರಲ್ಲಿ ಹೋಗುವವನಿಗೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ 80ರವನಿಗಿಂತ ಮೂರು ಪಟ್ಟು. ಈ ಭಾಗದ ಎಷ್ಟೋ ಮನೆಗಳ ಗೋಡೆ ಮೇಲೆ ಹಾರ ಹಾಕಿದ ಇಪ್ಪತ್ತರ ಹುಡುಗರ ಫೋಟೋ ಇವೆ. ಅದನ್ನು ನೋಡಿಕೊಂಡು ಟಾಪ್ ಸ್ಪೀಡ್ ಮಾತಾಡಲು ನನ್ನಿಂದ ಆಗುವುದಿಲ್ಲ.

ತಿರುವುಗಳಲ್ಲಿ ಸ್ಪೋರ್ಟ್ಸ್ ಬೈಕೇ ಮುಂದೆ ಅನ್ನುವುದು ಇನ್ನೊಂದು ವಾದ. ಟ್ರ್ಯಾಕ್‌ನಲ್ಲಿ ಖಂಡಿತ. ಕೊಯಮತ್ತೂರಿನ ಹತ್ತಿರದ ಕಾರಿ ಸ್ಪೀಡ್‌ವೇಯಲ್ಲಿ ಪ್ರತಿ ತಿರುವೂ ಪ್ರತಿ ಸುತ್ತಿಗೂ ಹಾಗೇ ಇರುತ್ತದೆ. ನಮ್ಮ ರಸ್ತೆಯ ತಿರುವಿನಲ್ಲಿ ವೇಗ ನಿರ್ಧಾರ ಮಾಡುವುದು ಗಾಡಿ ಎಷ್ಟು ವಾಲುತ್ತದೆ ಅನ್ನುವುದಲ್ಲ, ನಿಮಗೆ ಮುಂದೆ ಎಷ್ಟು ದೂರ ಕಾಣುತ್ತದೆ ಅನ್ನುವುದು. ತೊಗರಿ ಎದೆ ಮಟ್ಟ ಬೆಳೆದಾಗ, ಕಬ್ಬು ತಲೆ ಮೇಲೆ ನಿಂತಾಗ ತಿರುವಿನ ಆಚೆ ಏನಿದೆ ಗೊತ್ತಾಗುವುದಿಲ್ಲ. ರಾಶಿ ಕಾಲದಲ್ಲಂತೂ ಅರ್ಧ ರಸ್ತೆ ಮೇಲೆ ಹೊಟ್ಟು ಹರವಿರುತ್ತಾರೆ. ಟ್ಯಾಂಕ್ ಮೇಲೆ ಬಾಗಿ ಕೂತವನಿಗಿಂತ ನೆಟ್ಟಗೆ ಎತ್ತರದಲ್ಲಿ ಕೂತವನಿಗೆ ತೊಗರಿ ಸಾಲಿನ ಮೇಲಿಂದ ಎದುರು ಬರುವ ಕ್ರೂಸರ್ ಜೀಪಿನ ಟಾಪ್ ಮೊದಲು ಕಾಣುತ್ತದೆ. ಮೊದಲು ಕಂಡವನು ಕಡಿಮೆ ಬ್ರೇಕ್ ಹಿಡಿಯುತ್ತಾನೆ.

ಒಳ್ಳೆಯ ರಸ್ತೆಯಲ್ಲೂ ಎತ್ತರದ ಗಾಡಿ ಕಮ್ಮಿ ಏನಲ್ಲ. ಅಮೆರಿಕದ ಕೊಲರಾಡೋದಲ್ಲಿ ಪೈಕ್ಸ್ ಪೀಕ್ ಅಂತ ಬೆಟ್ಟ ಹತ್ತುವ ರೇಸ್ ಇದೆ. ಸುಮಾರು 20 ಕಿಲೋಮೀಟರ್, 156 ತಿರುವು. 2012ರ ಹೊತ್ತಿಗೆ ದಾರಿಗೆ ಪೂರ್ತಿ ಡಾಂಬರು ಬಿದ್ದಿತ್ತು. ಆ ವರ್ಷ ಕಾರ್ಲಿನ್ ಡನ್ ಡುಕಾಟಿ ಮಲ್ಟಿಸ್ಟ್ರಾಡಾ 1200ರಲ್ಲಿ 9 ನಿಮಿಷ 52 ಸೆಕೆಂಡಿಗೆ ಮೇಲೆ ಮುಟ್ಟಿದ. ನೆಟ್ಟಗೆ ಕೂರುವ, ಅಗಲ ಹ್ಯಾಂಡಲ್‌ನ ಗಾಡಿ ಅದು. 2018ರಲ್ಲಿ ಮತ್ತೆ ಮಲ್ಟಿಸ್ಟ್ರಾಡಾದಲ್ಲೇ ಗೆದ್ದ. ಅದರ ಎರಡೂ ಚಕ್ರ 17 ಇಂಚು, ಎಂಜಿನ್ ಡುಕಾಟಿಯ ಸೂಪರ್‌ಬೈಕ್ ಎಂಜಿನ್ನಿನಿಂದಲೇ ಬಂದದ್ದು, ಆದ್ದರಿಂದ ಹಿಮಾಲಯನ್ ಜೊತೆ ಹೋಲಿಸುವುದು ಸರಿಯಲ್ಲ. ಆದರೆ ನೆಟ್ಟಗೆ ಕೂತರೆ ನಿಧಾನ ಅನ್ನುವ ಮಾತು ಅಲ್ಲಿಗೆ ಮುಗಿಯುತ್ತದೆ.

ಅಡ್ವೆಂಚರ್ ಬೈಕಿನ ತೊಂದರೆಗಳೂ ಇವೆ. ನನ್ನ 390 ಅಡ್ವೆಂಚರ್‌ನ ಸೀಟು 855 ಮಿಲಿಮೀಟರ್ ಎತ್ತರ, ಕುಳ್ಳಗಿನವರಿಗೆ ಸಿಗ್ನಲ್‌ನಲ್ಲಿ ಕಷ್ಟ. ಹಿಮಾಲಯನ್ 450 ತೂಕ 196 ಕಿಲೋ, ಒಮ್ಮೆ ಬಿದ್ದರೆ ಎತ್ತಲು ಇನ್ನೊಬ್ಬರು ಬೇಕು. ಹಿಮಾಲಯನ್ 411, ಹೀರೊ ಎಕ್ಸ್‌ಪಲ್ಸ್‌ನಂಥ ಕಡ್ಡಿ ಚಕ್ರದ ಗಾಡಿಗಳಲ್ಲಿ ಟ್ಯೂಬ್ ಇದೆ. ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ನಡುರಸ್ತೆಯಲ್ಲಿ ಅರ್ಧ ತಾಸು ಅಲ್ಲೇ ಹೋಯಿತು, ಇಷ್ಟು ಹೊತ್ತು ಹೇಳಿದ ಲೆಕ್ಕ ಎಲ್ಲ ನೀರುಪಾಲು. ಕಲ್ಲಿನ ಚೂರು ಬಿದ್ದಿರುವ ಚಿತ್ತಾಪುರ, ಶಹಾಬಾದ್ ದಾರಿಯಲ್ಲಿ ಓಡಾಡುವವರು ಟ್ಯೂಬ್‌ಲೆಸ್ ಚಕ್ರದ ಗಾಡಿಯನ್ನೇ ನೋಡಿ. ವಿ-ಸ್ಟ್ರಾಮ್‌ಗೆ ಅದು ಇದೆ.

ಮೈ ಸುಸ್ತಾಗುವುದನ್ನೂ ವೇಗದ ಲೆಕ್ಕಕ್ಕೆ ಸೇರಿಸಿ. ಕಲಬುರಗಿಯಿಂದ ಬೀದರ್ ನೂರಕ್ಕಿಂತ ಜಾಸ್ತಿ ಕಿಲೋಮೀಟರ್. ಮುಂಗೈ ಮೇಲೆ ಭಾರ ಹಾಕಿ ಕೂತವನು ಹುಮನಾಬಾದಿನಲ್ಲಿ ನಿಲ್ಲಲೇಬೇಕು. ಕಾಲು ತಾಸು ನಿಂತರೆ 80ರ ವೇಗದಲ್ಲಿ 20 ಕಿಲೋಮೀಟರ್ ಹೋಯಿತು. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು, ಗಾಡಿಯ ಮೈ ಮುಚ್ಚುವ ಫೇರಿಂಗ್ ಒಳಗಿನಿಂದ ಎಂಜಿನ್ ಬಿಸಿಗಾಳಿ ತೊಡೆಗೆ ಹೊಡೆಯುತ್ತಿರುತ್ತದೆ. ಆಗ ಗಮನ ರಸ್ತೆ ಮೇಲೆ ಎಷ್ಟು ಇರುತ್ತದೆ?

ಸ್ಪೋರ್ಟ್ಸ್ ಬೈಕ್ ಇಷ್ಟಪಡುವವರ ಮೇಲೆ ನನಗೆ ಕೋಪ ಇಲ್ಲ. ಆರ್‌ಸಿ ಮೇಲೆ ಕೂತರೆ ನನಗೂ ಖುಷಿ ಆಗುತ್ತದೆ. ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಅಪ್ಪ ತೊಗರಿ ಮಾರಿ ಕೊಟ್ಟ ದುಡ್ಡಿನಲ್ಲಿ, ಅಥವಾ ಮೂರು ವರ್ಷದ ಕಂತಿನ ಮೇಲೆ ಹುಡುಗ ಗಾಡಿ ತರುತ್ತಾನೆ. ಶೋರೂಮಿನಲ್ಲಿ ಅವನಿಗೆ ತೋರಿಸುವುದು ರೇಸಿನ ವಿಡಿಯೋ. ಆರು ತಿಂಗಳಿಗೆ ರಿಮ್ ಸೊಟ್ಟಗಾಗಿ, ಎಂಜಿನ್ ಕೆಳಗಿನ ಬೆಲ್ಲಿ ಪ್ಯಾನ್ ಒಡೆದು, ಗಾಡಿ ಮನೆ ಮುಂದೆ ನಿಲ್ಲುತ್ತದೆ. ಊರಿಗೆ ಹೋಗಲು ಅಪ್ಪನ ಹಳೆಯ ಸ್ಪ್ಲೆಂಡರ್ ತೆಗೆಯುತ್ತಾನೆ.

ಆದ್ದರಿಂದ ಟೆಸ್ಟ್ ರೈಡ್‌ಗೆ ಹೋದಾಗ ರಿಂಗ್ ರೋಡಿನ ಒಂದು ಸುತ್ತಿಗೆ ಒಪ್ಪಬೇಡಿ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗೇ ಓಡುತ್ತದೆ. ನೀವು ದಿನಾ ಓಡಾಡುವ ರಸ್ತೆಯ ಕಡೆ ತೆಗೆದುಕೊಂಡು ಹೋಗುತ್ತೇನೆ ಅನ್ನಿ. ಕನಿಷ್ಠ ಎರಡು ಉಬ್ಬು, ಒಂದಿಷ್ಟು ತೇಪೆ, ಒಂದು ಹಳ್ಳಿ ದಾಟಿ ಬನ್ನಿ. ಹಿಂದೆ ಮನೆಯವರನ್ನು ಕೂರಿಸಿಕೊಳ್ಳಿ. ಸ್ಪೀಡೋಮೀಟರ್ ನೋಡಬೇಡಿ, ಹೊರಟ ಟೈಮು, ಬಂದ ಟೈಮು ಬರೆದುಕೊಳ್ಳಿ. ಅದೇ ದಾರಿಯಲ್ಲಿ ಇನ್ನೊಂದು ಗಾಡಿಯನ್ನೂ ಓಡಿಸಿ. ಒಂದು ಶೋರೂಮ್ ಇಷ್ಟಕ್ಕೆ ಒಪ್ಪಲಿಲ್ಲ ಅಂದ್ರೆ ಆ ಗಾಡಿ ಇರುವ ಗೆಳೆಯನನ್ನು ಕೇಳಿ, ಪೆಟ್ರೋಲ್ ಹಾಕಿಸಿ ಕೊಡಿ. ನನ್ನ ಗಾಡಿ ಬೇಕಿದ್ದರೆ ಭಾನುವಾರ ಬೆಳಿಗ್ಗೆ ಬನ್ನಿ, ಹೆಲ್ಮೆಟ್ ತಂದರೆ ಸಾಕು.