ಎಲ್ಲ ಫೋನೂ ಕೇಳಿಸಬೇಕು, ನನಗೊಂದು ಸ್ಪೆಷಲ್ ಫೋನ್ ಬೇಡ

"ಬೇಕಾದವರಿಗೆ ಒಂದು ಸ್ಪೆಷಲ್ ಫೋನ್ ಕೊಟ್ಟರಾಯ್ತಪ್ಪ, ಅದಕ್ಕೆ ಎಲ್ಲ ಫೋನಿಗೂ ಯಾಕೆ ನಿಯಮ?"

ಕಿವಿಗೆ ಮೆಷಿನ್, ಅಂದರೆ ಹಿಯರಿಂಗ್ ಏಡ್, ಹಾಕಿಕೊಳ್ಳುವವರು ಎಲ್ಲ ಫೋನೂ ಅದಕ್ಕೆ ಹೊಂದಬೇಕು ಅಂದಾಗ ಈ ಮಾತು ಕೇಳಿಯೇ ಇರುತ್ತಾರೆ. ಹೇಳುವವರು ಕೆಟ್ಟವರೇನಲ್ಲ. ಖರ್ಚು ಉಳಿಸುವ ಲೆಕ್ಕ ಅವರದು. ನಾನು ಇರುವುದು ಅಮೆರಿಕದಲ್ಲಿ, ಅದಕ್ಕೆ ಇಲ್ಲಿಯ ಕಥೆಯನ್ನೇ ಹೇಳುತ್ತೇನೆ. ಈ ಲೆಕ್ಕ ತಪ್ಪು ಅಂತ ಈ ದೇಶ ಒಂದು ಸಲ ಒಪ್ಪಿಕೊಂಡಿತು. ಹೊಸ ಥರದ ಫೋನ್ ಬಂದಾಗೆಲ್ಲ ಅದನ್ನು ಮರೆತು ಮತ್ತೆ ಮೊದಲಿಂದ ಶುರು ಮಾಡಿತು.

ಮೆಷಿನ್ ಹಾಕಿಕೊಂಡು ಫೋನಿನಲ್ಲಿ ಮಾತಾಡುವುದು ಹೇಗೆ ಅಂತ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ರಿಸೀವರನ್ನು ಸುಮ್ನೆ ಕಿವಿಗೆ ಒತ್ತಿದರೆ ಕುಂಯ್ ಅಂತ ಸಿಳ್ಳೆ ಹೊಡೆಯುತ್ತದೆ. ಮೆಷಿನ್ ಹೊರಗೆ ಬಿಟ್ಟ ಸದ್ದನ್ನು ಅದರದೇ ಮೈಕ್ ಮತ್ತೆ ಒಳಗೆ ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಇದಕ್ಕೆ ಒಂದು ದಾರಿ ಇದೆ. ಹಳೆಯ ರಿಸೀವರಿನಲ್ಲಿ ಅಯಸ್ಕಾಂತ ಮತ್ತು ತಂತಿಯ ಸುರುಳಿ ಇರುತ್ತಿತ್ತು. ಮಾತಿನ ಜೊತೆಗೆ ಒಂದಿಷ್ಟು ಕಾಂತಕ್ಷೇತ್ರವೂ ಅದರಿಂದ ಹೊರಗೆ ಸೋರುತ್ತಿತ್ತು. ಹಿಯರಿಂಗ್ ಏಡ್ ಒಳಗಿನ ಪುಟ್ಟ ತಾಮ್ರದ ಸುರುಳಿ, ಅಂದರೆ ಟೆಲಿಕಾಯಿಲ್, ಆ ಸೋರಿಕೆಯನ್ನು ಹಿಡಿದು ಮತ್ತೆ ಮಾತಾಗಿಸುತ್ತದೆ. ಟಿ ಸ್ವಿಚ್ ಹಾಕಿದರೆ ಮೈಕ್ ಬಂದ್. ಸಿಳ್ಳೆ ಇಲ್ಲ, ಪಕ್ಕದವರ ಹರಟೆ ಇಲ್ಲ, ಫ್ಯಾನಿನ ಸದ್ದಿಲ್ಲ. ಆ ಕಡೆಯವರ ಮಾತು ಮಾತ್ರ ನೇರವಾಗಿ ಕಿವಿಗೆ. ಬಳಸಿದವರಿಗೇ ಗೊತ್ತು ಇದರ ಸುಖ.

ಆದರೆ ಆ ಸೋರಿಕೆಯನ್ನು ಯಾರೂ ಬೇಕಂತ ಇಟ್ಟಿದ್ದಲ್ಲ. ರಿಸೀವರಿನ ವಿನ್ಯಾಸ ಬದಲಾದಾಗ ಅದು ಕೆಲವು ಫೋನುಗಳಿಂದ ಸದ್ದಿಲ್ಲದೆ ಹೋಯಿತು. ಆಮೇಲೆ ಕಾನೂನು ಬೇಕಾಯಿತು. 1982ರಲ್ಲಿ ಬಂದ ಮೊದಲ ಕಾನೂನು "ಅಗತ್ಯ" ಫೋನುಗಳಿಗೆ ಮಾತ್ರ: ನಾಣ್ಯ ಹಾಕುವ ಫೋನ್, ತುರ್ತು ಫೋನ್, ಆ ಥರದವು. ಅಂದರೆ ಸ್ಪೆಷಲ್ ಫೋನ್ ಲೆಕ್ಕವೇ. ಅದು ಸಾಲದು ಅಂತ 1988ರಲ್ಲಿ ಇನ್ನೊಂದು ಕಾನೂನು ಮಾಡಿದರು. 1989ರ ಆಗಸ್ಟ್ ನಂತರ ತಯಾರಾಗುವ ಅಥವಾ ಆಮದಾಗುವ ಹೆಚ್ಚುಕಮ್ಮಿ ಎಲ್ಲ ಫೋನೂ ಹಿಯರಿಂಗ್ ಏಡ್‌ಗೆ ಹೊಂದಬೇಕು ಅಂತಾಯಿತು. ಕಾರ್ಡ್‌ಲೆಸ್ ಫೋನಿಗೆ 1991ರವರೆಗೆ ಸಮಯ ಕೊಟ್ಟರು. ಫೋನಿನ ಮೇಲೆ ಎಚ್‌ಎಸಿ (ಹಿಯರಿಂಗ್ ಏಡ್‌ಗೆ ಹೊಂದುತ್ತದೆ ಅನ್ನುವುದರ ಇಂಗ್ಲಿಷ್ ಚುಟುಕು) ಅಂತ ಅಳಿಸದ ಹಾಗೆ ಮೂರು ಅಕ್ಷರ ಇರಬೇಕು. 2000ದಿಂದ ವಾಲ್ಯೂಮ್ ಏರಿಸುವ ವ್ಯವಸ್ಥೆಯೂ ಕಡ್ಡಾಯವಾಯಿತು.

ಇದರ ಬೆಲೆ ನನಗೆ ಅರ್ಥವಾಗಿದ್ದು ಅದು ಕೈತಪ್ಪಿದಾಗ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಹಳೆಯ ಫೋನುಗಳನ್ನೆಲ್ಲ ತೆಗೆದು ಇಂಟರ್‌ನೆಟ್ ಫೋನ್ ಇಟ್ಟರು. ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್‌ಗೇ ಚುಚ್ಚುವ ಫೋನ್. ಟಿ ಹಾಕಿದರೆ ಮಾತು ಎಲ್ಲೋ ದೂರದಲ್ಲಿ, ಜುಂಯ್ ಅನ್ನುವ ಸದ್ದು ಹತ್ತಿರದಲ್ಲಿ. ಒಳಗಿನ ಎಲೆಕ್ಟ್ರಾನಿಕ್ಸ್‌ನ ಗದ್ದಲವನ್ನೂ ಟೆಲಿಕಾಯಿಲ್ ಹಿಡಿಯುತ್ತದಲ್ಲ. ದೂರು ಕೊಟ್ಟೆ. ನನ್ನ ಮೇಜಿಗೆ ಬೇರೆ ಫೋನ್ ಬಂತು. ಆದರೆ ಮೀಟಿಂಗ್ ರೂಮಿನ ಫೋನ್? ರಿಸೆಪ್ಷನ್ ಫೋನ್? ಊಟಕ್ಕೆ ಹೋದ ಸಹೋದ್ಯೋಗಿಯ ಫೋನ್ ಹೊಡೆದುಕೊಂಡರೆ? ನನ್ನ ಮೇಜಿನಿಂದ ಎರಡು ಹೆಜ್ಜೆ ಆಚೆ ಹೋದರೆ ನಾನು ಮತ್ತೆ ಕಿವುಡಿ. "ಬೇಕಾದವರಿಗೆ ಕೊಡಿ" ಅನ್ನುವುದು ಕೊಡುವವರಿಗೆ ಅನುಕೂಲ ಅಷ್ಟೇ.

ಕಾನೂನು ಇತ್ತಲ್ಲ, ಮತ್ತೆ ಹೀಗೆ ಯಾಕಾಯಿತು ಅಂತ ನೀವು ಕೇಳಬಹುದು. ಹಳೆಯ ನಿಯಮ ಟೆಲಿಫೋನ್ ಜಾಲಕ್ಕೆ ಜೋಡಿಸುವ ಉಪಕರಣಗಳಿಗೆ ಬರೆದದ್ದು. ಇಂಟರ್‌ನೆಟ್ ಫೋನ್ ಆ ಜಾಲಕ್ಕೆ ನೇರವಾಗಿ ಜೋಡಿಸುವುದಲ್ಲ. ಕಿವಿಗೆ ಹಿಡಿಯುವುದು ಅದೇ ರಿಸೀವರ್, ಗೋಡೆಯ ತೂತು ಮಾತ್ರ ಬೇರೆ! ತಮಾಷೆ ಅಂದರೆ, ಮನೆಯ ಹಳೇ ಫೋನನ್ನು ಇಂಟರ್‌ನೆಟ್ ಡಬ್ಬಿಗೆ ಚುಚ್ಚಿದರೆ ಟಿ ಸ್ವಿಚ್ ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಸುರುಳಿ ಇರುವುದು ರಿಸೀವರಿನಲ್ಲಿ, ತಂತಿಯಲ್ಲಲ್ಲ. ಕೆಲವು ಕಂಪನಿಗಳು ಯಾರೂ ಒತ್ತಾಯಿಸದೆಯೇ ಇಂಟರ್‌ನೆಟ್ ಫೋನನ್ನೂ ಎಚ್‌ಎಸಿ ಮಾಡುತ್ತಿದ್ದವು. ಅಂದರೆ ಅದು ಆಗದ ಕೆಲಸವೇನಲ್ಲ.

ಈ ತೂತು ಮುಚ್ಚಲು 2010ರ ಅಕ್ಟೋಬರಿನಲ್ಲಿ ಹೊಸ ಕಾನೂನಿಗೆ ಅಧ್ಯಕ್ಷ ಒಬಾಮಾ ಸಹಿ ಹಾಕಿದರು. ಕಿವಿಗೆ ಹಿಡಿದು ಮಾತಾಡುವ ಇಂಟರ್‌ನೆಟ್ ಫೋನೂ ಇದರಲ್ಲಿ ಸೇರಿತು. ಆದರೆ ಅದರ ನಿಯಮವನ್ನು ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಮಾಡಿದ್ದು 2017ರಲ್ಲಿ. ಜಾರಿಗೆ ಬಂದದ್ದು 2020ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಇಲ್ಲಿ ಎಷ್ಟು ಕಚೇರಿಗಳು ಫೋನ್ ಬದಲಾಯಿಸಿ ಮುಗಿಸಿರಲಿಲ್ಲ? ಹಳೆಯ ಸರಕಿಗೆ ಹೊಸ ನಿಯಮ ಅನ್ವಯಿಸುವುದೂ ಇಲ್ಲ.

ಆದರೂ ಆ 2017ರ ನಿಯಮವನ್ನು ನಾನು ಮೆಚ್ಚುತ್ತೇನೆ. ಇಷ್ಟು ಪರ್ಸೆಂಟ್ ಮಾಡೆಲ್ ಸಾಕು ಅನ್ನಲಿಲ್ಲ, ಎಲ್ಲವೂ ಅಂದಿತು. ಮೊಬೈಲ್ ಕಥೆ ನೋಡಿ. 1988ರ ಕಾನೂನು ಮೊಬೈಲನ್ನು ಹೊರಗಿಟ್ಟಿತ್ತು. 2003ರಲ್ಲಿ ಒಂದಷ್ಟು ಮಾಡೆಲ್‌ಗಳಿಗೆ ಅಂತ ನಿಯಮ ಬಂತು. ನೂರಕ್ಕೆ ನೂರು ಅಂತ ಆದೇಶವಾಗಿದ್ದು 2024ರ ಅಕ್ಟೋಬರಿನಲ್ಲಿ! ವಾಲ್ಯೂಮ್ ಅಳೆಯುವ ರೀತಿಯೂ ಸುಧಾರಿಸಿದೆ. ಹೊಸ ಮಾನದಂಡ ಅಳೆಯುವುದು ಒಂದು ಮೀಟರ್ ದೂರದಲ್ಲಿ ಎದುರುಬದುರು ಕೂತು ಮಾತಾಡುವ ಸದ್ದಿಗೆ ಹೋಲಿಸಿ. ನಮ್ಮಂಥವರಿಗೂ ಅರ್ಥವಾಗುವ ಅಳತೆ, ಅಲ್ವಾ?

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಸರಿಯಾಗಿ ಮಾಡಿದರೆ ಇಂಟರ್‌ನೆಟ್ ಫೋನ್ ನಮಗೆ ಹಳೆಯದಕ್ಕಿಂತ ಎಷ್ಟೋ ಚೆನ್ನ. ಹಳೆಯ ಲೈನಿನಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಬರುತ್ತಿತ್ತು. "ಸ" ಅಕ್ಷರದ ಸದ್ದು ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಎಚ್‌ಡಿ ವಾಯ್ಸ್ ಇರುವ ಇಂಟರ್‌ನೆಟ್ ಫೋನ್ 7,000 ಹರ್ಟ್ಸ್‌ವರೆಗೂ ಕೊಡುತ್ತದೆ. ಊರಿಂದ ಫೋನ್ ಮಾಡಿದ ಅತ್ತೆ "ಸಾಲ" ಅಂದರೋ "ಹಾಲು" ಅಂದರೋ ಅಂತ ತಲೆ ಕೆಡಿಸಿಕೊಳ್ಳುವುದು ಅಷ್ಟು ಕಡಿಮೆ.

ಈಗ ಹೊಸ ತೂತು ಆಗಲೇ ಬಿದ್ದಿದೆ. ನಿಯಮ ಇರುವುದು ಕಿವಿಗೆ ಹಿಡಿಯುವ ಫೋನಿಗೆ. ಕಚೇರಿಗಳು ಆ ಫೋನನ್ನೇ ಎತ್ತಿಟ್ಟು ಲ್ಯಾಪ್‌ಟಾಪ್ ಮತ್ತು ಹೆಡ್‌ಸೆಟ್‌ಗೆ ಹೋಗುತ್ತಿವೆ. "ಬ್ಲೂಟೂತ್ ಇದೆಯಲ್ಲ" ಅನ್ನುತ್ತಾರೆ. ಇದೆ, ಆದರೆ ಯಾವ ಮೆಷಿನ್ ಯಾವುದರ ಜೊತೆ ಸೇರುತ್ತದೆ ಅನ್ನುವುದು ಇವತ್ತಿಗೂ ಅದೃಷ್ಟದ ಆಟ. ಟೆಲಿಕಾಯಿಲ್‌ಗೆ ಪೇರಿಂಗ್ ಬೇಡ, ಅಪ್‌ಡೇಟ್ ಬೇಡ. ಬ್ಲೂಟೂತ್ ಬರಲಿ, ಆದರೆ ಟೆಲಿಕಾಯಿಲ್ ಜೊತೆಗೆ ಬರಲಿ, ಅದರ ಜಾಗಕ್ಕಲ್ಲ.

ಊರಿನವರಿಗೂ ಒಂದು ಮಾತು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕೇಳುವ ತೊಂದರೆ ಇರುವವರು 50 ಲಕ್ಷಕ್ಕೂ ಜಾಸ್ತಿ. ಫೋನ್, ಕಂಪ್ಯೂಟರಿನಂಥವು ಅಂಗವಿಕಲರಿಗೂ ಬಳಸಲು ಬರಬೇಕು ಅನ್ನುವ ಭಾರತದ್ದೇ ಮಾನದಂಡ, ಐಎಸ್ 17802, 2021ರಲ್ಲಿ ಬಂದಿದೆ. ಅಂಗವಿಕಲರಿಗೆ ಅನುಕೂಲವಾಗುವ ಇಂಥ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಬೆಂಗಳೂರಿನ ಕಚೇರಿಗಳಲ್ಲಿ ಇಂಟರ್‌ನೆಟ್ ಫೋನಿಗೇನೂ ಬರವಿಲ್ಲ. ಫೋನ್ ಖರೀದಿಯ ಟೆಂಡರ್ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಟೆಲಿಕಾಯಿಲ್‌ಗೆ ಹೊಂದಬೇಕು ಅನ್ನುವ ಒಂದು ಸಾಲು ಸೇರಿಸಿ. ಮೆಷಿನ್ ಹಾಕಿಕೊಳ್ಳುವವರು ಮುಂದಿನ ಸಲ ಆಡಿಯಾಲಜಿಸ್ಟ್ ಹತ್ತಿರ ಹೋದಾಗ ಟಿ ಪ್ರೋಗ್ರಾಂ ಇದೆಯಾ ಅಂತ ಕೇಳಿ. ಎಷ್ಟೋ ಮೆಷಿನ್‌ಗಳಲ್ಲಿ ಸುರುಳಿ ಇರುತ್ತದೆ, ಆನ್ ಮಾಡಿ ಕೊಟ್ಟಿರುವುದಿಲ್ಲ.