ಬೆಂಡಿನ ಕೋಟೆಗೆ ಮೊಣಕೈಯೇ ಫಿರಂಗಿ

ಮೇಜಿನ ಮೇಲೆ ಯುದ್ಧ ಹೂಡುವ ಆಟಗಳಲ್ಲಿ ಕೋಟೆ ಉರುಳುವುದು ಶತ್ರುಗಳಿಂದಲ್ಲ. ವಾರ್‌ಹ್ಯಾಮರ್ ಆಡುವವರನ್ನು ಗಮನಿಸಿ: ದಾಳ ಎಷ್ಟೇ ಭೀಕರವಾಗಿ ಬಿದ್ದರೂ ಸಾಯುವುದು 28 ಮಿಲಿಮೀಟರಿನ ಬೊಂಬೆ, ಅದು ಅಡಗಿದ್ದ ಗೋಡೆಗೆ ಒಂದು ಗೀರೂ ಬಿದ್ದಿರುವುದಿಲ್ಲ. ಗೋಡೆಗೆ ನಿಜವಾದ ಅಪಾಯ ಬರುವುದು ಆಚೆ ತುದಿಯ ಬೊಂಬೆಯನ್ನು ಸರಿಸಲು ಬಗ್ಗಿದವರ ಮೊಣಕೈಯಿಂದ, ಸಡಿಲ ತೋಳಿನ ಜುಬ್ಬಾದಿಂದ, ಆಟ ಮುಗಿದ ಮೇಲೆ ಎಲ್ಲವನ್ನೂ ಒಂದೇ ರಟ್ಟಿನ ಡಬ್ಬಕ್ಕೆ ತುರುಕುವ ಆತುರದಿಂದ. ನಮ್ಮ ದಸರಾ ಬೊಂಬೆಗಳ ಪಕ್ಕದಲ್ಲೂ ಬೆಟ್ಟ, ಕೊಳ, ರಾಗಿ ಪೈರಿನ ಹುಲ್ಲುಗಾವಲು ಎದ್ದು ನಿಲ್ಲುತ್ತವೆ. ಆದರೆ ಅವುಗಳನ್ನು ಯಾರೂ ಮುಟ್ಟುವಂತಿಲ್ಲ, ಹಬ್ಬ ಮುಗಿಯುವವರೆಗೆ ನಿಂತರೆ ಸಾಕು. ಆಟದ ಬೆಟ್ಟದ ಪಾಡು ಬೇರೆ. ಅದನ್ನು ವಾರವಾರ ಎತ್ತುತ್ತಾರೆ, ಇಳಿಸುತ್ತಾರೆ, ಬೀಳಿಸುತ್ತಾರೆ. ಅಷ್ಟಾದರೂ ಅದು ಬಂಡೆಯಂತೆಯೇ ಕಾಣಬೇಕು.

ಬಂಡೆಯಂತೆ ಕಾಣಬೇಕಾದ ಈ ಬೆಟ್ಟ, ಕೋಟೆಗಳನ್ನು ಕೆತ್ತುವ ಬೆಂಡು, ಅಂದರೆ ಫೋಮ್, ಊದಿದರೆ ಹಾರುವಷ್ಟು ಹಗುರ ಎಂಬುದೇ ತಮಾಷೆ. ಅದರಲ್ಲಿ ಎರಡು ಜಾತಿ, ಎರಡೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕೇ. ಗಣಪತಿ ಮಂಟಪಕ್ಕೆ ತರುತ್ತಿದ್ದ ಥರ್ಮಾಕೋಲ್ ಎಂದರೆ ಆವಿಯಲ್ಲಿ ಉಬ್ಬಿದ ಮಣಿಗಳನ್ನು ಅಚ್ಚಿನೊಳಗೆ ಒತ್ತಿ ಬೆಸೆದದ್ದು. ಅದು ಮುರಿಯುವುದು ಮಣಿಮಣಿಯ ನಡುವೆ. ಕತ್ತರಿಸಿದರೆ ಮನೆ ತುಂಬ ಬಿಳಿ ಮಣಿ, ಪೊರಕೆಗೂ ಸಿಗದೆ ಸ್ಥಿರವಿದ್ಯುತ್ತಿನಿಂದ ಕಾಲಿಗೆ ಅಂಟಿಕೊಳ್ಳುವಂಥವು. ಇನ್ನೊಂದು ಎಕ್ಸ್‌ಪಿಎಸ್, ಅಂದರೆ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್. ಕರಗಿದ ಪ್ಲಾಸ್ಟಿಕ್ಕಿಗೆ ಅನಿಲ ಬೆರೆಸಿ, ಯಂತ್ರದ ಸೀಳಿನಿಂದ ಒತ್ತಿ ತೆಗೆದ ಹಲಗೆ ಇದು. ಮಣಿಗಳಿಲ್ಲ, ಒಳಗೆಲ್ಲ ಮುಚ್ಚಿದ ಸಣ್ಣ ಕೋಶಗಳು. ಅಮೆರಿಕದ ಹವ್ಯಾಸಿಗಳು ‘ಪಿಂಕ್ ಫೋಮ್’, ‘ಬ್ಲೂ ಫೋಮ್’ ಎನ್ನುವುದು ಇದನ್ನೇ. ಓವೆನ್ಸ್ ಕಾರ್ನಿಂಗ್ ಹಲಗೆ ಗುಲಾಬಿ, ಡೌ ಕಂಪನಿಯ ಸ್ಟೈರೋಫೋಮ್ ನೀಲಿಗೆ ಹೆಸರಾಗಿತ್ತು. ನಮ್ಮಲ್ಲಿ ತಾರಸಿಯ ಬಿಸಿಲು ತಡೆಯಲು, ಕೋಲ್ಡ್ ಸ್ಟೋರೇಜ್ ಗೋಡೆಗೆ ಇದೇ ಹಲಗೆ ಬಳಸುತ್ತಾರೆ. ಇನ್ಸುಲೇಷನ್ ಮಾರುವ ಅಂಗಡಿಯಲ್ಲಿ ತುಂಡು ಹಲಗೆ ಕೇಳಿ ತರಬಹುದು. 25 ಮತ್ತು 50 ಮಿ.ಮೀ. ದಪ್ಪದ ಎರಡು ಹಲಗೆ ಇದ್ದರೆ ಒಂದು ಇಡೀ ಹಳ್ಳಿಯೇ ಎದ್ದೀತು. ಥರ್ಮಾಕೋಲ್ ಬೇಡವೇ ಬೇಡ ಎಂದಲ್ಲ. ದೊಡ್ಡ ಗುಡ್ಡದ ಹೊಟ್ಟೆಗೆ ಅದನ್ನು ತುಂಬಿ, ಕಣ್ಣಿಗೂ ಕೈಗೂ ಸಿಗುವ ಹೊರಮೈಗೆ ಮಾತ್ರ ಎಕ್ಸ್‌ಪಿಎಸ್ ಹಾಕಿದರೆ ದುಡ್ಡೂ ಉಳಿಯುತ್ತದೆ.

ಕತ್ತರಿಸಲು ಮುರಿದು ಮುರಿದು ಬಳಸುವ ಕಟ್ಟರ್ ಬ್ಲೇಡ್ ಸಾಕು, ಆದರೆ ಹೊಸದಿರಬೇಕು. ಮೊಂಡಾದ ಬ್ಲೇಡು ಫೋಮನ್ನು ಕೊಯ್ಯುವುದಿಲ್ಲ, ಎಳೆದು ಹರಿಯುತ್ತದೆ. ಹಿಡಿಯನ್ನು ಓರೆಯಾಗಿ ಮಲಗಿಸಿ, ಒಂದೇ ಏಟಿಗೆ ಆಸೆಪಡದೆ ಮೂರು ನಾಲ್ಕು ಸಲ ಎಳೆಯಬೇಕು. ಬಿಸಿ ತಂತಿಯ ಕಟ್ಟರ್ ಇದ್ದರೆ ಕೆಲಸ ಸುಲಭ. ತಂತಿ ಹೆಚ್ಚು ಕಾದರೆ ಮಾತ್ರ ಸೀಳು ಅಗಲವಾಗಿ ಅಂಚು ಕರಗಿ ಗಾಜಿನಂತೆ ಹೊಳೆಯುತ್ತದೆ, ಆ ಹೊಳಪಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಫೋಮ್ ಕರಗುವಾಗ ಏಳುವ ಹೊಗೆಯಲ್ಲಿ ಸ್ಟೈರೀನ್ ಎಂಬ ಹಾನಿಕರ ರಾಸಾಯನಿಕ ಇರುತ್ತದೆ. ಕಿಟಕಿ ತೆರೆದಿರಲಿ, ಚಳಿಯಾದರೂ ಪರವಾಗಿಲ್ಲ.

ಅಳತೆಯ ವಿಷಯದಲ್ಲಿ ವಾಸ್ತವವಾದಿಗಳು ಸೋಲುತ್ತಾರೆ. 28 ಮಿ.ಮೀ. ಬೊಂಬೆ ಸುಮಾರು 1:56 ಪ್ರಮಾಣದ್ದು. ಆ ಲೆಕ್ಕದಲ್ಲಿ 9 ಇಂಚಿನ ಇಟ್ಟಿಗೆ ಬರೀ 4 ಮಿ.ಮೀ. ಉದ್ದ, ಅಷ್ಟು ಚಿಕ್ಕದನ್ನು ಗೀರುತ್ತ ಕೂತರೆ ಗೋಡೆ ಮುಗಿಯುವ ಹೊತ್ತಿಗೆ ಕನ್ನಡಕದ ನಂಬರ್ ಬದಲಾಗಿರುತ್ತದೆ. 8ರಿಂದ 12 ಮಿ.ಮೀ. ಕಲ್ಲುಗಳನ್ನು ಗೀರಿ, ಯಾರೂ ತಕರಾರು ತೆಗೆಯುವುದಿಲ್ಲ. ತಕರಾರು ಬರುವುದು ಬಾಗಿಲು, ಮೆಟ್ಟಿಲುಗಳಲ್ಲಿ. ಬೊಂಬೆ ತೆಳ್ಳಗಿದ್ದರೂ ಅದರ ಕಾಲಡಿಯ ಬೇಸ್ 25 ಅಥವಾ 32 ಮಿ.ಮೀ. ಅಗಲ. ಹಾಗಾಗಿ ಬಾಗಿಲು 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರವಾದರೂ ಬೇಕು. ಮೆಟ್ಟಿಲಿನ ತುಳಿಹಲಗೆ ಬೇಸಿಗಿಂತ ಕಿರಿದಾದರೆ ಅಲ್ಲಿ ಯಾವ ವೀರನೂ ನಿಲ್ಲಲಾರ. ಇಳಿಜಾರಿನ ಗುಡ್ಡ ನೋಡಲು ಚೆಂದ, ಆದರೆ ಲೋಹದ ಬೊಂಬೆಗಳು ಅದರ ಮೇಲಿಂದ ಜಾರಿ ಬಿದ್ದು ಕತ್ತಿ ಮುರಿದುಕೊಳ್ಳುತ್ತವೆ. ಅಡಿಕೆ ತೋಟದ ಪಾತಳಿಗಳ ಥರ ಹಂತಹಂತವಾದ ಗುಡ್ಡವೇ ಆಟಕ್ಕೆ ಒಳ್ಳೆಯದು.

ಕಲ್ಲಿನ ಕಳೆ ತರಿಸುವುದು ಈ ಕೆಲಸದ ಅತಿ ಅಗ್ಗದ ಸುಖ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಅಲ್ಲಲ್ಲಿ ಚೂಪು ಉಳಿಸಿಕೊಂಡು, ಫೋಮಿನ ಮೇಲೆ ಒತ್ತಿ ಉರುಳಿಸಿದರೆ ಸಾಕು. ನುಣ್ಣಗಿದ್ದ ಹಲಗೆ ಮಳೆ ಬಿಸಿಲು ಕಂಡ ಗ್ರಾನೈಟ್ ಆಗಿಬಿಡುತ್ತದೆ. ಉಂಡೆಯನ್ನು ಆಗಾಗ ತಿರುಗಿಸಬೇಕು, ಇಲ್ಲದಿದ್ದರೆ ಒಂದೇ ಗುಂಡಿ ಗೋಡೆ ತುಂಬ ಮರುಕಳಿಸುತ್ತದೆ. ಗಾರೆಯ ಗೆರೆಗೆ ಬರೆಯದೆ ಬತ್ತಿದ ಬಾಲ್ ಪೆನ್ನು ಪ್ರಶಸ್ತ.

ಇನ್ನು ಅಂಟು. ಫೆವಿಕಾಲ್‌ನಂಥ ಬಿಳಿ ಅಂಟು ಒಣಗುವುದು ಅದರ ನೀರು ಆವಿಯಾದಾಗ. ಎರಡು ಎಕ್ಸ್‌ಪಿಎಸ್ ಹಲಗೆಗಳ ನಡುವೆ ಪೂರ್ತಿ ಬಳಿದರೆ ಆ ನೀರಿಗೆ ಹೊರಹೋಗಲು ದಾರಿಯೇ ಇಲ್ಲ. ಅಂಚು ಗಟ್ಟಿಯಾಗಿ, ನಡುವೆ ವಾರ ಕಳೆದರೂ ಹಸಿಯಾಗಿಯೇ ಇರುತ್ತದೆ. ಹಲಗೆಯ ಮೇಲಿನ ನುಣುಪು ಚರ್ಮವನ್ನು 80 ನಂಬರ್ ಎಮರಿ ಪೇಪರಿನಿಂದ ಉಜ್ಜಿ ತೆಗೆಯಿರಿ, ಅಂಟನ್ನು ತೆಳುವಾಗಿ ಸವರಿ, ಓರೆಯಾಗಿ ಎರಡು ಮೂರು ಬಿದಿರುಕಡ್ಡಿ ಚುಚ್ಚಿ, ಮೇಲೆ ಭಾರವಿಟ್ಟು ಒಂದು ದಿನ ಬಿಡಿ. ಅಂಟು ಸೋತರೂ ಬಿದಿರುಕಡ್ಡಿ ಹಿಡಿದಿರುತ್ತದೆ. ಗ್ಲೂ ಗನ್ ಬಳಸುವುದಾದರೆ ಕಡಿಮೆ ಶಾಖದ್ದು. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಚಪ್ಪಲಿಗೆ ಹಾಕುವ ಹಳದಿ ಅಂಟು, ಕ್ಷಣದಲ್ಲಿ ಹಿಡಿಯುವ ಪುಟ್ಟ ಟ್ಯೂಬಿನ ಅಂಟು ಎರಡೂ ಫೋಮನ್ನು ತಿನ್ನುತ್ತವೆ.

ತಿನ್ನುವುದರಲ್ಲಿ ಸ್ಪ್ರೇ ಡಬ್ಬಿಯನ್ನು ಮೀರಿಸುವವರಿಲ್ಲ. ಅದರ ದ್ರಾವಕ ಪಾಲಿಸ್ಟೈರೀನನ್ನು ಕರಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದ್ದರಿಂದ ಮೊದಲು ಬ್ರಷ್‌ನಲ್ಲಿ ಬಣ್ಣ ಬಳಿದು, ಧೈರ್ಯವಾಗಿ ಮೇಲೆ ಸ್ಪ್ರೇ ವಾರ್ನಿಷ್ ಹೊಡೆಯುತ್ತಾರೆ. ಗಾರೆ ಗೆರೆಯ ತಳದಲ್ಲಿ ಸೂಜಿಮೊನೆಯಷ್ಟು ಜಾಗ ಬಿಟ್ಟುಹೋಗಿದ್ದರೂ ದ್ರಾವಕ ಒಳನುಗ್ಗುತ್ತದೆ. ಹೊರಗಿನ ಬಣ್ಣದ ಪದರ ಹಾಗೇ ನಿಂತಿರುತ್ತದೆ, ಒಳಗೆ ಗುಹೆಯಾಗಿರುತ್ತದೆ; ಗೊತ್ತಾಗುವುದು ಯಾರೋ ಬೆರಳಿಟ್ಟಾಗ. ಬ್ರಷ್‌ನಲ್ಲಿ ಬಳಿಯುವ ನೀರಿನ ಮೂಲದ ಮ್ಯಾಟ್ ವಾರ್ನಿಷ್ ಇರುವಾಗ ಈ ಜೂಜು ಯಾಕೆ?

ಗಟ್ಟಿತನ ಇರುವುದು ಫೋಮಿನಲ್ಲಲ್ಲ, ಅದರ ಮೇಲೆ ನಾವು ಬಳಿಯುವ ಲೇಪದ ಚರ್ಮದಲ್ಲಿ. 3 ಪಾಲು ಬಿಳಿ ಅಂಟು, 1 ಪಾಲು ಕಪ್ಪು ಅಕ್ರಿಲಿಕ್ ಬಣ್ಣ, ಬ್ರಷ್ ಓಡುವಷ್ಟು ನೀರು. ಕಪ್ಪು ಏಕೆಂದರೆ ಬಿಟ್ಟುಹೋದ ಜಾಗ ತಾನೇ ಕೂಗಿ ಹೇಳುತ್ತದೆ. ಎರಡು ಕೋಟು ಬಳಿಯಬೇಕು, ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಮೂಲೆ, ಅಂಚು, ಎತ್ತುವಾಗ ಹಿಡಿಯುವ ಜಾಗಗಳಿಗೆ ಮೂರನೆಯದೂ ಬೇಕು. ಬರೀ ವಾಲ್ ಪುಟ್ಟಿ ಬಳಿದರೆ ಕಲ್ಲಿನಷ್ಟೇ ಗಟ್ಟಿ, ನಿಜ. ಆದರೆ ಒತ್ತಿದಾಗ ಒಳಗಿನ ಫೋಮ್ ಬಳುಕುತ್ತದೆ, ಪುಟ್ಟಿ ಬಳುಕದೆ ಚಕ್ಕೆಯೇಳುತ್ತದೆ. ಪುಟ್ಟಿ ಬೇಕೆಂದರೆ ಅಂಟಿನ ಜೊತೆ ಕಲಸಿ. ಗೋಡೆಯಂತೂ 12 ಮಿ.ಮೀ.ಗಿಂತ ತೆಳ್ಳಗಿದ್ದರೆ ಯಾವ ಲೇಪವೂ ಕಾಪಾಡುವುದಿಲ್ಲ.

ಗೋಡೆಯ ಕಾಲಡಿಗೊಂದು ತಳಹಲಗೆ ಬೇಕೇ ಬೇಕು. ಗೋಡೆಯಿಂದ 15 ಮಿ.ಮೀ. ಆಚೆ ಚಾಚಿ, ಅಂಚನ್ನು ಓರೆಯಾಗಿ ಕೆತ್ತಿದರೆ ಡಬ್ಬದೊಳಗೆ ಒಂದಕ್ಕೊಂದು ಗುದ್ದುವುದು ತಳಗಳು, ಗೋಡೆಗಳಲ್ಲ. ಮರದ ನಾರು ಒತ್ತಿ ಮಾಡಿದ 3 ಮಿ.ಮೀ. ಎಂಡಿಎಫ್ ಹಲಗೆ ಅಗ್ಗ, ಆದರೆ ಮೇಲೆ ಮಾತ್ರ ಒದ್ದೆ ಅಂಟು ಬಳಿದರೆ ಒಣಗುತ್ತ ಆ ಪದರ ಕುಗ್ಗಿ ಹಲಗೆಯನ್ನು ದೋಣಿಯಾಗಿ ಬಗ್ಗಿಸುತ್ತದೆ. ಕೆಳಗೂ ಅದೇ ದಿನ ಅದೇ ಅಂಟು ಬಳಿಯಿರಿ, ಎರಡು ಎಳೆತ ಸರಿಹೋಗುತ್ತದೆ. ಬೋರ್ಡ್ ಬರೆಯುವವರ ಬಳಿ ಸಿಗುವ 5 ಮಿ.ಮೀ. ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಹಲಗೆ ನೀರೇ ಕುಡಿಯುವುದಿಲ್ಲ. ನಮ್ಮ ಮಳೆಗಾಲಕ್ಕೆ ಅದೇ ವಾಸಿ. ಮೇಲೆ ಉದುರಿಸುವ ಮರಳನ್ನು ತೊಳೆದು ಒಣಗಿಸಿ ಟೀ ಸೋಸುವ ಜರಡಿಯಲ್ಲಿ ಸೋಸಬೇಕು, ದೂಳಿದ್ದರೆ ಅಂಟು ದೂಳನ್ನಷ್ಟೇ ಹಿಡಿಯುತ್ತದೆ. ಎಂ-ಸ್ಯಾಂಡ್ ಚೂಪು ಅಂಚಿನದು, ಕುಸಿದ ಗೋಡೆಯ ಬುಡದಲ್ಲಿ ಸೊಗಸು. ಬೊಂಬೆ ಸರಿದಾಡುವ ಕಡೆ ಬೇಡ, ಬಣ್ಣ ಗೀರುತ್ತದೆ. ಮರಳು ಕೂತ ಮೇಲೆ 1 ಪಾಲು ಅಂಟಿಗೆ 3 ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಹನಿಸಿ. ಆ ಸೋಪಿಲ್ಲದಿದ್ದರೆ ನೀರು ಮುತ್ತಾಗಿ ಮೇಲೇ ನಿಲ್ಲುತ್ತದೆ, ಒಳಗಿಳಿಯದು.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಕಪ್ಪಿನ ಮೇಲೆ ಕಡುಬೂದು, ಬ್ರಷ್ಷನ್ನು ಕಾಗದಕ್ಕೆ ಒರೆಸಿ ಒಣಗಿಸಿಕೊಂಡು ತಿಳಿಬೂದು, ಬುಡಕ್ಕೆ ಒಂದಿಷ್ಟು ಕಂದು.

ಇಡುವ ಜಾಗದಲ್ಲಿ ಕೆಲವರು ಎಡವುತ್ತಾರೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ, ಕಪ್ಪು ಬಳಿದ ಫೋಮ್ ಸೊಟ್ಟಗಾಗುವ ಸಾಧ್ಯತೆ ಇದೆ. ಮಂಗಳೂರಿನಂಥ ತೇವದ ಊರಿನಲ್ಲಿ ಬರೀ ಬಿಳಿ ಅಂಟಿನ ಮೇಲ್ಮೈ ಜಿಗುಟಾಗಿ, ಒಂದರ ಮೇಲೊಂದಿಟ್ಟ ಗುಡ್ಡಗಳು ಕಚ್ಚಿಕೊಳ್ಳುತ್ತವೆ. ಅಲ್ಲಿ ನೀರು ತಡೆಯುವ ಮರೈನ್ ಅಂಟು, ಅದರ ಮೇಲೆ ಎರಡು ಕೋಟು ವಾರ್ನಿಷ್, ನಡುವೆ ಬಟರ್ ಪೇಪರ್. ರೆಕ್ಸಿನ್ ಚೀಲದಲ್ಲಿ ಸುತ್ತಿಡಬೇಡಿ. ಅದನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ಮೆಲ್ಲಗೆ ಫೋಮಿಗೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ. ಕಪ್ಪು ಲೇಪದ ಒಂದು ಪುಟ್ಟ ಡಬ್ಬಿ, ಒಂದು ಹಳೆ ಬ್ರಷ್ ಅದೇ ಪೆಟ್ಟಿಗೆಯಲ್ಲಿರಲಿ. ಮೂಲೆ ಹಾರಿ ನೀಲಿ ಇಣುಕಿದ ಕಡೆ ಆಗಲೇ ತೆಳುವಾಗಿ ಬಳಿದರೆ, ಎದುರಾಳಿ ತನ್ನ ಸರದಿಯ ಲೆಕ್ಕ ಮುಗಿಸುವುದರೊಳಗೆ ಅದು ಒಣಗಿರುತ್ತದೆ. ಈ ಆಟಗಳ ಸರದಿಗಳು ಅಷ್ಟು ಉದ್ದ.